ರಸ್ಟ್‌ನಲ್ಲಿ ನನ್ನ ಸ್ಟ್ರಿಂಗ್ ಎಲ್ಲಿಗೆ ಹೋಯ್ತು?

ಪ್ರಶ್ನೆ: ನನಗೆ ಪೈಥಾನ್ ಬರುತ್ತದೆ, ಈಗ ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿದ್ದೇನೆ. ‘ಎ’ ಅನ್ನೋ ವೇರಿಯಬಲ್‌ನಲ್ಲಿ ಒಂದು ಸ್ಟ್ರಿಂಗ್ ಇಟ್ಟು, ಅದನ್ನು ‘ಬಿ’ಗೆ ಕೊಟ್ಟೆ. ಆಮೇಲೆ ಎ ಪ್ರಿಂಟ್ ಮಾಡಲು ಹೋದರೆ ಕಂಪೈಲರ್ ಬಿಡುತ್ತಿಲ್ಲ. ಸ್ಟ್ರಿಂಗ್ ಬದಲು ಸಂಖ್ಯೆ ಇಟ್ಟರೆ ಸರಿಯಾಗಿ ಓಡುತ್ತದೆ. ಯಾಕೆ ಹೀಗೆ?

ಉತ್ತರ: ನಿಮಗೆ ಬಂದಿರುವುದು ಇ0382 ಅನ್ನೋ ಎರರ್. ರಸ್ಟ್ ಕಲಿಯುವವರು ಮೊದಲು ಎಡವುವುದೇ ಇಲ್ಲಿ. ಇದೊಂದು ಅರ್ಥವಾದರೆ ಅರ್ಧ ಭಯ ಹೋಗುತ್ತದೆ, ಹಾಗಾಗಿ ನಿಧಾನವಾಗಿ ನೋಡೋಣ.

ಎ ಒಳಗೆ ‘ಕನ್ನಡ’ ಅನ್ನೋ ಪದ ಇದೆ ಅಂದುಕೊಳ್ಳಿ. ರಸ್ಟ್ ಅದನ್ನು ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ರೂಪದಲ್ಲಿ ಇಡುತ್ತದೆ. ಕ, ನ, ಒತ್ತಕ್ಷರಕ್ಕೆ ಬೇಕಾದ ಗುರುತು, ಮತ್ತೆ ನ, ಡ. ಒಂದೊಂದಕ್ಕೂ 3 ಬೈಟ್, ಒಟ್ಟು 15. ಸ್ಟ್ರಿಂಗ್‌ನ ಉದ್ದ ಕೇಳಿದರೆ 3 ಅಲ್ಲ, 15 ಅಂತಲೇ ಬರುತ್ತದೆ. ಈ 15 ಬೈಟ್ ಇರುವುದು, ಪ್ರೋಗ್ರಾಂ ಓಡುವಾಗ ಬೇಕಾದಷ್ಟು ಜಾಗ ಕೇಳಿ ಪಡೆಯುವ ಮೆಮೊರಿಯ ಭಾಗವಾದ ಹೀಪ್‌ನಲ್ಲಿ. ಎ ಕೈಯಲ್ಲಿರುವುದು ಬರೀ ಮೂರು ವಿವರ: ಆ ಜಾಗದ ವಿಳಾಸ, ಪದದ ಉದ್ದ, ಹಿಡಿದಿಟ್ಟಿರುವ ಜಾಗ ಎಷ್ಟು ಅನ್ನೋದು. 64 ಬಿಟ್ ಕಂಪ್ಯೂಟರ್‌ನಲ್ಲಿ ಇದು 24 ಬೈಟ್.

ಹೀಪ್‌ನಲ್ಲಿರುವುದನ್ನು ಮನೆ ಅನ್ನಿ, ಈ 24 ಬೈಟನ್ನು ಮನೆಯ ಖಾತೆ ಅನ್ನಿ. ಎಯನ್ನು ಬಿಗೆ ಕೊಟ್ಟಾಗ ಮನೆ ಇದ್ದಲ್ಲೇ ಇರುತ್ತದೆ, ಖಾತೆ ಮಾತ್ರ ಬಿ ಹೆಸರಿಗೆ ಆಗುತ್ತದೆ. ರಸ್ಟ್‌ನಲ್ಲಿ ಇದಕ್ಕೆ ‘ಮೂವ್’ ಅನ್ನುತ್ತಾರೆ. ಅಲ್ಲಿಂದ ಮುಂದೆ ಎಗೆ ಆ ಮನೆ ಮೇಲೆ ಹಕ್ಕಿಲ್ಲ.

ಇಷ್ಟು ಬಿಗಿ ಯಾಕೆ? ಪೈಥಾನ್‌ನಲ್ಲಿ ಎರಡೂ ಹೆಸರು ಒಂದೇ ವಸ್ತುವನ್ನು ತೋರಿಸುತ್ತವೆ, ಅದನ್ನು ಎಷ್ಟು ಕಡೆ ಬಳಸುತ್ತಿದ್ದಾರೆ ಅನ್ನೋ ಲೆಕ್ಕ ಪ್ರೋಗ್ರಾಂ ಓಡುವಾಗಲೇ ನಡೆಯುತ್ತಿರುತ್ತದೆ. ರಸ್ಟ್ ಆ ಲೆಕ್ಕ ಇಡುವುದಿಲ್ಲ, ಬೇಡವಾದ ಮೆಮೊರಿಯನ್ನು ಹುಡುಕಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಕೂಡ ಇಲ್ಲ. ಒಡೆಯನ ಸ್ಕೋಪ್ (ಆ ವೇರಿಯಬಲ್‌ಗೆ ಬೆಲೆ ಇರುವ ಕೋಡಿನ ಭಾಗ) ಮುಗಿದ ಕೂಡಲೇ ಮನೆ ಕೆಡವಿ ಜಾಗ ವಾಪಸ್ ಕೊಡುತ್ತದೆ, ಅಷ್ಟೇ. ಒಂದೇ ಮನೆಗೆ ಎರಡು ಖಾತೆ ಇದ್ದರೆ ಕೆಡವಲು ಇಬ್ಬರೂ ಬರುತ್ತಾರೆ. ಎರಡನೆಯವನು ಬರುವಷ್ಟರಲ್ಲಿ ಅಲ್ಲಿ ಬೇರೆ ಯಾರದ್ದೋ ಮನೆ ಎದ್ದಿರಬಹುದು, ಅಲ್ವಾ? ಸಿ ಭಾಷೆಯಲ್ಲಿ ಇದೇ ‘ಡಬಲ್ ಫ್ರೀ’. ಕ್ರೋಮ್ ಬ್ರೌಸರ್‌ನ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70ರಷ್ಟು ಇಂಥ ಮೆಮೊರಿ ತಪ್ಪುಗಳಿಂದಲೇ ಬಂದವು ಅಂತ 2020ರಲ್ಲಿ ಅದನ್ನು ಕಟ್ಟುವ ತಂಡವೇ ಹೇಳಿತ್ತು. ಆ ತಪ್ಪನ್ನು ರಸ್ಟ್ ಪ್ರೋಗ್ರಾಂ ಓಡುವ ಮೊದಲೇ ತಡೆಯುತ್ತದೆ. ನಿಮ್ಮನ್ನು ನಿಲ್ಲಿಸಿದ್ದು ಅದಕ್ಕೇ.

ಸಂಖ್ಯೆಯ ವಿಷಯ ಸುಲಭ. ಅದು ಸಾಮಾನ್ಯವಾಗಿ 4 ಅಥವಾ 8 ಬೈಟ್, ಹೀಪ್‌ನಲ್ಲಿ ಏನೂ ಇಲ್ಲ, ಕೆಡವಲು ಮನೆಯೇ ಇಲ್ಲ. ಹಾಗಾಗಿ ಸುಮ್ನೆ ನಕಲಾಗುತ್ತದೆ.

ಈ ತೊಂದರೆ ಜಾಸ್ತಿ ಕಾಡುವುದು ಫಂಕ್ಷನ್‌ಗಳಲ್ಲಿ. ಸ್ಟ್ರಿಂಗನ್ನು ಹಾಗೇ ಫಂಕ್ಷನ್‌ಗೆ ಕೊಟ್ಟರೆ ಖಾತೆಯೂ ಅದರ ಪಾಲಾಗುತ್ತದೆ, ಫಂಕ್ಷನ್ ಮುಗಿದಾಗ ಮನೆಯೂ ಹೋಗುತ್ತದೆ. ಬರೀ ಓದಲು ಬೇಕಿದ್ದರೆ ಕಡ ಕೊಡಿ. ಹೆಸರಿನ ಮುಂದೆ ಆಂಪರ್‌ಸ್ಯಾಂಡ್ (&) ಹಾಕಿದರೆ ಅದು ‘ಬಾರೋ’ (borrow, ಅಂದರೆ ಕಡ ಪಡೆಯುವುದು). ಮನೆ ನೋಡಲು ಒಂದೇ ಸಲ ಎಷ್ಟು ಜನ ಬೇಕಾದರೂ ಬರಬಹುದು. ಆದರೆ ರಿಪೇರಿಗೆ, ಅಂದರೆ ಸ್ಟ್ರಿಂಗನ್ನು ಬದಲಾಯಿಸಲು, ಒಬ್ಬ ಒಳಗಿದ್ದರೆ ಆ ಹೊತ್ತಿಗೆ ಬೇರೆ ಯಾರಿಗೂ ಪ್ರವೇಶವಿಲ್ಲ.

‘ಕ್ಲೋನ್’ ಮಾಡಿದರೂ ಎರರ್ ಹೋಗುತ್ತದೆ. ಅದು ಇನ್ನೊಂದು ಸೈಟಿನಲ್ಲಿ ಅಂಥದ್ದೇ ಮನೆ ಕಟ್ಟಿದ ಹಾಗೆ, ಖರ್ಚು ಇದ್ದೇ ಇದೆ. ಕಲಿಯುವಾಗ ಬಳಸಿದರೆ ತಪ್ಪೇನಿಲ್ಲ. ಆದರೆ ಎರರ್ ಬಂದಾಗಲೆಲ್ಲ ಕ್ಲೋನ್ ಹಾಕುವ ಅಭ್ಯಾಸ ಬೇಡ. ಮೊದಲು ಕಂಪೈಲರ್ ಬರೆದದ್ದನ್ನು ಪೂರ್ತಿ ಓದಿ. ಖಾತೆ ಯಾವ ಸಾಲಿನಲ್ಲಿ ಬದಲಾಯಿತು, ಆಮೇಲೆ ಯಾವ ಸಾಲಿನಲ್ಲಿ ನೀವು ಎಯನ್ನು ಕೇಳಿದಿರಿ, ಎರಡನ್ನೂ ಗುರುತು ಹಾಕಿ ತೋರಿಸಿರುತ್ತದೆ.

ಈಗ ನಿಮ್ಮ ಪ್ರೋಗ್ರಾಂಗೆ ವಾಪಸ್ ಹೋಗಿ. ಬಿಗೆ ಎ ಕೊಡುವ ಸಾಲಿನಲ್ಲಿ ಎ ಮುಂದೆ ಒಂದು ಆಂಪರ್‌ಸ್ಯಾಂಡ್ ಹಾಕಿ ಓಡಿಸಿ. ಎರಡೂ ಪ್ರಿಂಟ್ ಆಗುತ್ತವೆ.