ಆರು ಕೈಯ ಆಕ್ಟೋಪಸ್: ಹಳೇ ಮಾನ್‌ಸ್ಟರ್ ಸಿನಿಮಾ ನೋಡುವವರಿಗೆ ಟಿಪ್ಪಣಿ

ಎಣಿಕೆಯಿಂದಲೇ ಶುರು ಮಾಡೋಣ. 1955ರಲ್ಲಿ ‘ಇಟ್ ಕೇಮ್ ಫ್ರಮ್ ಬಿನೀತ್ ದ ಸೀ’ ಅಂತ ಒಂದು ಅಮೆರಿಕನ್ ಸಿನಿಮಾ ಬಂತು. ಅದರಲ್ಲಿ ಮನೆಗಿಂತ ದೊಡ್ಡ ಆಕ್ಟೋಪಸ್ ಒಂದು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯನ್ನು ತಬ್ಬಿ ಹಿಡಿಯುತ್ತದೆ. ಅಲ್ಲಿ ವಿಡಿಯೋ ನಿಲ್ಲಿಸಿ, ಅದರ ಕೈಗಳನ್ನು ಎಣಿಸಿ. ನಾನು ಮೂರು ಸಲ ಎಣಿಸಿದೆ. ಎಂಟು ಸಿಗಲೇ ಇಲ್ಲ. ಎಲ್ಲಿಂದ ಸಿಗಬೇಕು? ಆ ಗೊಂಬೆಗೆ ಇದ್ದದ್ದೇ ಆರು ಕೈ.

ಕಾರಣ ದುಡ್ಡು ಮತ್ತು ಸಮಯ, ಎರಡೂ ಕಮ್ಮಿ. ಆಕ್ಟೋಪಸ್‌ಗೆ ಜೀವ ಕೊಟ್ಟವರು ರೇ ಹ್ಯಾರಿಹೌಸನ್. ಅವರ ವಿಧಾನ ಸ್ಟಾಪ್ ಮೋಷನ್. ಒಳಗೆ ಲೋಹದ ಕೀಲು, ಮೇಲೆ ರಬ್ಬರ್ ಇರುವ ಒಂದು ಗೊಂಬೆ. ಅದನ್ನು ಕೂದಲೆಳೆಯಷ್ಟು ಸರಿಸಬೇಕು, ಕೈ ಹಿಂದೆ ತೆಗೆಯಬೇಕು, ಒಂದು ಫ್ರೇಮ್ ತೆಗೆಯಬೇಕು. ಮತ್ತೆ ಸರಿಸಬೇಕು. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಪ್ರತಿ ಫ್ರೇಮ್‌ಗೂ ಪ್ರತಿ ಕೈಯನ್ನು ಒಂದೇ ಸಲ ಮುಟ್ಟಿದರೂ ಎಂಟು ಕೈಗೆ 192 ಸಲ, ಆರು ಕೈಗೆ 144 ಸಲ. ಒಂದು ಸೆಕೆಂಡಿನ ದೃಶ್ಯಕ್ಕೇ 48 ಸಲದ ಕೆಲಸ ಉಳಿಯಿತು! ಉಳಿದ ಎರಡು ಕೈ ನೀರೊಳಗೆ ಇರಬೇಕು ಅಂತ ನೋಡುವವರು ತಾವೇ ಅಂದುಕೊಳ್ಳುತ್ತಾರೆ.

ಈಗ ಆ ದೃಶ್ಯವನ್ನು ಇನ್ನೊಂದು ಸಲ ನೋಡಿ. ಒಂದು ಕೈ ಸೇತುವೆಯ ಗೋಪುರಕ್ಕೆ ಸುತ್ತಿಕೊಳ್ಳುವಾಗ ತುದಿ ಸ್ವಲ್ಪ ತಡವಾಗಿ, ತಡಕಾಡಿದಂತೆ ಬಂದು ಸೇರುತ್ತದೆ. ಹಗ್ಗ ಹೀಗೆ ಸುತ್ತಿಕೊಳ್ಳುವುದಿಲ್ಲ. ಇದು ಮುಟ್ಟಿ ಮುಟ್ಟಿ ನೋಡುವ ಪ್ರಾಣಿಯ ಚಲನೆ. ಎರಡು ಕೈ ಕಡಿಮೆ ಮಾಡಿದ ಮನುಷ್ಯ ಉಳಿದ ಆರಕ್ಕೆ ಎಷ್ಟು ಮನಸ್ಸಿಟ್ಟಿದ್ದಾರೆ ನೋಡಿ. ಈ ಸಿನಿಮಾಗಳ ಸೊಗಸು ನನಗೆ ಹೊಳೆದದ್ದು ಇಲ್ಲೇ.

ಇಂಥ ಸಿನಿಮಾಗಳಿಗೆ ಜನ ಹಚ್ಚುವ ‘ಕ್ಯಾಂಪ್’ ಅನ್ನುವ ಮಾತಿನ ಬಗ್ಗೆ ಸ್ವಲ್ಪ. ಅತಿಯಾಗಿ, ಕೃತಕವಾಗಿ ಕಾಣುವುದನ್ನೇ ಇಷ್ಟಪಟ್ಟು ನೋಡುವ ಅಭಿರುಚಿ ಅದು. ಇದನ್ನು ‘ಕಳಪೆ’ ಅಂತ ಅರ್ಥ ಮಾಡಿಕೊಂಡರೆ ದಾರಿ ತಪ್ಪುತ್ತದೆ. 1964ರಲ್ಲಿ ಅಮೆರಿಕನ್ ಲೇಖಕಿ ಸೂಸನ್ ಸಾಂಟಾಗ್ ಈ ಅಭಿರುಚಿಯ ಬಗ್ಗೆ ಒಂದು ಪ್ರಬಂಧ ಬರೆದರು. ಅದರಲ್ಲಿ ಎರಡು ಬಗೆ ಹೇಳುತ್ತಾರೆ: ಬೇಕಂತಲೇ ಮಾಡುವುದು, ಮತ್ತು ಗೊತ್ತಿಲ್ಲದೆ ಆಗುವುದು. ಅಪ್ಪಟವಾದದ್ದು ಎರಡನೆಯದು. ಅಲ್ಲಿ ಮಾಡುವವರು ನಿಜಕ್ಕೂ ಗಂಭೀರವಾಗಿರುತ್ತಾರೆ, ಆದರೆ ಆ ಗಂಭೀರತೆ ಗುರಿ ಮುಟ್ಟುವುದಿಲ್ಲ. ಈಚೆಗೆ ಬೇಕಂತಲೇ ಪೆದ್ದುಪೆದ್ದಾಗಿ ತೆಗೆಯುವ ಶಾರ್ಕ್, ಜೇಡಗಳ ಸಿನಿಮಾ ಹತ್ತು ನಿಮಿಷಕ್ಕೇ ಬೇಜಾರು ಬರಿಸುವುದು ಇದಕ್ಕೇ. ಅಲ್ಲಿ ಯಾರೂ ಏನನ್ನೂ ಪಣಕ್ಕಿಟ್ಟಿಲ್ಲ.

ಗೊತ್ತಿಲ್ಲದೆ ಆಗುವ ಕ್ಯಾಂಪ್‌ಗೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ 1957ರ ‘ದ ಜೈಂಟ್ ಕ್ಲಾ’. ಬೇರೆ ಲೋಕದಿಂದ ಬಂದ ದೈತ್ಯ ಹಕ್ಕಿಯ ಕಥೆ. ಹಕ್ಕಿ ಅಂದರೆ ಒಂದು ತೊಗಲುಗೊಂಬೆಯಷ್ಟೂ ನಾಜೂಕಿಲ್ಲದ ಗೊಂಬೆ: ಉದ್ದ ಕತ್ತು, ಹೊರಗೆ ಉಬ್ಬಿದ ಕಣ್ಣು, ಅಗಲ ಮೂಗಿನ ಹೊಳ್ಳೆ, ತಲೆ ಮೇಲೆ ಒಂದು ಕುಚ್ಚು ಕೂದಲು. ಇದು ಬಂದು ವಿಮಾನ ಕಚ್ಚುತ್ತದೆ. ಆದರೆ ಶೂಟಿಂಗ್ ಹೊತ್ತಿನಲ್ಲಿ ನಟರಿಗೆ ಈ ಗೊಂಬೆ ಹೇಗಿರುತ್ತದೆ ಅಂತ ಗೊತ್ತೇ ಇರಲಿಲ್ಲ. ಖಾಲಿ ಆಕಾಶ ನೋಡಿ ಹೆದರಬೇಕಿತ್ತು, ಹೆದರಿದರು. ನಾಯಕ ಜೆಫ್ ಮಾರೋ ಹಕ್ಕಿಯನ್ನು ಮೊದಲು ನೋಡಿದ್ದು ತಮ್ಮ ಊರಿನ ಥಿಯೇಟರಿನಲ್ಲಿ. ಜನ ನಗಲು ಶುರು ಮಾಡಿದರು. ಮಾರೋ ಸಿನಿಮಾ ಮುಗಿಯುವ ಮೊದಲೇ ಎದ್ದು ಹೊರಟರು.

ಪಾಪ ಅನಿಸುತ್ತದೆ ಅಲ್ವಾ? ಆದರೆ ಅವರ ಅಭಿನಯದಲ್ಲಿ ತಪ್ಪಿಲ್ಲ. ಒಮ್ಮೆ ಹಕ್ಕಿ ಬರುವ ಶಾಟ್‌ಗಳನ್ನೆಲ್ಲ ಬಿಟ್ಟು, ಮುಖಗಳನ್ನು ಮಾತ್ರ ನೋಡಿ. ಕಾಲು ಭಾಗ ಸಿನಿಮಾ ನಿಜಕ್ಕೂ ಹೆದರಿಸುತ್ತದೆ. ನಮಗೆ ನಗು ಬರುವುದು ಆ ಮುಖಕ್ಕೂ ಈ ಗೊಂಬೆಗೂ ನಡುವೆ ಇರುವ ಅಂತರಕ್ಕೆ. ಪ್ರೀತಿ ಹುಟ್ಟುವುದೂ ಅದೇ ಅಂತರದಿಂದ.

ಜಪಾನಿನ ಕಡೆ ಬಂದರೆ ದಾರಿ ಬೇರೆ. 1954ರ ‘ಗೊಜಿರಾ’ದಲ್ಲಿ (ನಾವು ಗಾಡ್ಜಿಲ್ಲಾ ಅನ್ನುವುದು ಇದನ್ನೇ) ಸ್ಟಾಪ್ ಮೋಷನ್‌ಗೆ ಸಮಯ ಇರಲಿಲ್ಲ. ಎಫೆಕ್ಟ್ಸ್ ನೋಡಿಕೊಂಡ ಎಯಿಜಿ ಸುಬುರಾಯಾ ಮನುಷ್ಯನಿಗೇ ರಬ್ಬರ್ ಸೂಟ್ ತೊಡಿಸಿದರು. ಮೊದಲ ಸೂಟ್ ಸುಮಾರು 100 ಕೆಜಿ. ಒಳಗಿದ್ದವರಲ್ಲಿ ಮುಖ್ಯವಾದವರು ಹರುವೊ ನಕಾಜಿಮಾ. ನಡೆಯುವುದೇ ಕಷ್ಟ. ಈ ಭಾಗದಲ್ಲಿ ಒಂದು ಲೆಕ್ಕ ಕಲಿಯಲೇಬೇಕು. ಗೊಜಿರಾ ಕಥೆಯಲ್ಲಿ 50 ಮೀಟರ್ ಎತ್ತರ, ಸೂಟ್ ಸುಮಾರು 2 ಮೀಟರ್. ಅಂದರೆ ಅಳತೆ 25ಕ್ಕೆ 1. ವಸ್ತು ಕೆಳಗೆ ಬೀಳಲು ಹಿಡಿಯುವ ಸಮಯ ಎತ್ತರದ ವರ್ಗಮೂಲಕ್ಕೆ ತಕ್ಕ ಹಾಗೆ ಏರುತ್ತದೆ. 25ರ ವರ್ಗಮೂಲ 5. ಹಾಗಾಗಿ ನಿಜವಾದ ಕಟ್ಟಡ ಬೀಳುವುದಕ್ಕೆ ಹಿಡಿಯುವ ಹೊತ್ತಿನ ಐದನೇ ಒಂದು ಪಾಲಿನಲ್ಲೇ ಗೊಂಬೆ ಕಟ್ಟಡ ಬಿದ್ದುಬಿಡುತ್ತದೆ. ಸುಮ್ನೆ ಹಾಗೇ ತೆಗೆದರೆ ಬೆಂಕಿಪೊಟ್ಟಣ ಉರುಳಿದಂತೆ ಕಾಣುತ್ತದೆ. ಅದಕ್ಕೆ ಕ್ಯಾಮೆರಾವನ್ನು ಜೋರಾಗಿ ಓಡಿಸಿ ಜಾಸ್ತಿ ಫ್ರೇಮ್ ತೆಗೆಯುತ್ತಾರೆ, ಮಾಮೂಲಿ ವೇಗದಲ್ಲಿ ತೋರಿಸುತ್ತಾರೆ. ಆಗ ಕಲ್ಲಿಗೆ ತೂಕ ಬರುತ್ತದೆ, ಸೂಟಿನೊಳಗಿನ ಮನುಷ್ಯನ ಹೆಜ್ಜೆಗೂ ತೂಕ ಬರುತ್ತದೆ. ಹಳೇ ಸಿನಿಮಾದಲ್ಲಿ ನೀರಿನ ಹನಿ ಹಡಗಿನಷ್ಟು ದಪ್ಪ ಕಂಡರೆ ತಿಳಿಯಿರಿ, ನೀರನ್ನು ಚಿಕ್ಕದು ಮಾಡಲು ಯಾರಿಂದಲೂ ಆಗಲಿಲ್ಲ.

ಯಾಕೆ ಅದೇ ಕಾಲಕ್ಕೆ ಇಷ್ಟು ದೈತ್ಯರು? ಬಾಂಬ್. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಅದರ ವಿಕಿರಣದ ಬೂದಿ ಒಂದು ಜಪಾನಿ ಮೀನುದೋಣಿಯ 23 ಜನರ ಮೇಲೆ ಬಿತ್ತು. ಅದೇ ವರ್ಷ ನವೆಂಬರಿನಲ್ಲಿ ‘ಗೊಜಿರಾ’ ತೆರೆಗೆ ಬಂತು, ಶುರುವಾಗುವುದೇ ಸಮುದ್ರದಲ್ಲಿ ದೋಣಿಯೊಂದು ನಾಶವಾಗುವುದರಿಂದ. ಜಪಾನಿನ ಜನಕ್ಕೆ ಇದು ತಮಾಷೆ ಆಗಿರಲಿಲ್ಲ.

ಅಮೆರಿಕದಲ್ಲಿ ಅದೇ ವರ್ಷ ‘ದೆಮ್!’ (ಅಂದರೆ ‘ಅವು!’) ಬಂತು. ಮೊದಲ ಅಣುಬಾಂಬ್ ಪರೀಕ್ಷೆ ನಡೆದ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ಇರುವೆಗಳು ದೈತ್ಯವಾಗಿ ಬೆಳೆಯುವ ಕಥೆ. ವಿಜ್ಞಾನ ಇದನ್ನು ಒಪ್ಪುವುದಿಲ್ಲ. 5 ಮಿಲಿಮೀಟರ್ ಇರುವೆಯನ್ನು 500 ಪಟ್ಟು ಹಿಗ್ಗಿಸಿದರೆ ಎರಡೂವರೆ ಮೀಟರ್ ಆಗುತ್ತದೆ. ಕಾಲಿನ ದಪ್ಪದ ವಿಸ್ತೀರ್ಣ 2.5 ಲಕ್ಷ ಪಟ್ಟು ಹೆಚ್ಚುತ್ತದೆ, ತೂಕ ಮಾತ್ರ 12.5 ಕೋಟಿ ಪಟ್ಟು. ಅಂದರೆ ಕಾಲಿನ ಅಷ್ಟೇ ವಿಸ್ತೀರ್ಣದ ಮೇಲೆ ಬೀಳುವ ಭಾರ 500 ಪಟ್ಟು. ಒಂದು ಹೆಜ್ಜೆ ಇಡುವ ಮೊದಲೇ ಕುಸಿಯುತ್ತದೆ. ಪರೀಕ್ಷೆಗೆ ಈ ಲೆಕ್ಕ ನೆನಪಿಡಿ, ಸಿನಿಮಾ ನೋಡುವಾಗ ಪಕ್ಕಕ್ಕಿಡಿ.

ಯಾಕಂದರೆ ‘ದೆಮ್!’ ಶುರುವಾಗುವುದು ಇರುವೆಯಿಂದಲ್ಲ. ಮರುಭೂಮಿಯಲ್ಲಿ ಒಬ್ಬಳು ಪುಟ್ಟ ಹುಡುಗಿ ಗೊಂಬೆ ಹಿಡಿದು ಒಬ್ಬಳೇ ನಡೆಯುತ್ತಿದ್ದಾಳೆ. ಕಣ್ಣು ಮಿಟುಕಿಸುವುದಿಲ್ಲ, ಮಾತಾಡುವುದಿಲ್ಲ. ಆಮೇಲೆ ಒಬ್ಬ ವಯಸ್ಸಾದ ಪ್ರೊಫೆಸರ್ ಅವಳ ಮೂಗಿನ ಹತ್ತಿರ ಫಾರ್ಮಿಕ್ ಆಸಿಡ್ ಹಿಡಿಯುತ್ತಾರೆ. ಇರುವೆಯ ವಾಸನೆ ಅದು. ಅವಳ ಮುಖ ನಿಧಾನಕ್ಕೆ ಬದಲಾಗುತ್ತದೆ, ಆಮೇಲೆ ‘ಅವು! ಅವು!’ ಅಂತ ಕಿರುಚುತ್ತಾಳೆ. ಅಲ್ಲಿಯ ತನಕ ನಮಗೆ ಒಂದು ಇರುವೆಯನ್ನೂ ತೋರಿಸಿಲ್ಲ.