ರಚನಾವಾದವೆಂದರೆ ಕೃತಿಯ ಬಂಧವನ್ನು ನೋಡುವುದೇ?

ಪ್ರಶ್ನೆ: ಬೆಂಗಳೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಕೃತಿಯ ಬಂಧ, ಪ್ರತಿಮೆ, ತಂತ್ರಗಳನ್ನು ನೋಡಬೇಕು ಎಂದು ನವ್ಯ ವಿಮರ್ಶಕರು ಹೇಳಿದರು. ರಚನೆಯನ್ನು ನೋಡಬೇಕು ಎಂದು ರಚನಾವಾದಿಗಳೂ ಹೇಳುತ್ತಾರೆ. ಎರಡೂ ಒಂದೇ ಅಲ್ಲವೇ? ಭಾಷಾವಿಜ್ಞಾನಿ ಸಸ್ಯೂರ್ ಸಾಹಿತ್ಯ ವಿಮರ್ಶೆಯ ಪಠ್ಯದೊಳಗೆ ಬಂದದ್ದಾದರೂ ಹೇಗೆ?

ಎರಡೂ ಒಂದಲ್ಲ. ಉತ್ತರ ಪತ್ರಿಕೆಗಳಲ್ಲಿ ಈ ಗೊಂದಲ ಮತ್ತೆ ಮತ್ತೆ ಕಾಣಿಸುತ್ತದೆ, ಗೈಡುಗಳು ಅದಕ್ಕೆ ನೀರೆರೆಯುತ್ತವೆ. ನವ್ಯರ ಕೃತಿನಿಷ್ಠ ವಿಮರ್ಶೆ ಒಂದು ಕವಿತೆಯನ್ನು ಎದುರಿಗಿಟ್ಟುಕೊಂಡು ಅದರ ಪ್ರತಿಮೆ, ಲಯ, ವ್ಯಂಗ್ಯಗಳು ಹೇಗೆ ಒಂದಕ್ಕೊಂದು ಬೆಸೆದುಕೊಂಡಿವೆ ಎಂದು ನೋಡುತ್ತದೆ. ಕವಿತೆ ಗೆದ್ದಿತೋ ಸೋತಿತೋ ಎಂದು ಕೊನೆಗೆ ತೀರ್ಪನ್ನೂ ಕೊಡುತ್ತದೆ. ರಚನಾವಾದಿಗೆ ಆ ತೀರ್ಪಿನಲ್ಲಿ ಆಸಕ್ತಿಯಿಲ್ಲ. ಇಂಥದೊಂದು ಕವಿತೆ ಹುಟ್ಟಬೇಕಾದರೆ, ಹುಟ್ಟಿದ ಮೇಲೆ ಅದು ಕವಿತೆಯೆಂದು ಓದುಗರಿಗೆ ತಿಳಿಯಬೇಕಾದರೆ, ಮೊದಲೇ ಯಾವ ನಿಯಮಗಳು ಜಾರಿಯಲ್ಲಿರಬೇಕು ಎಂಬುದು ಅವನ ಪ್ರಶ್ನೆ. ಆ ನಿಯಮಗಳು ಕೃತಿಯೊಳಗೆ ಸಿಗುವುದಿಲ್ಲ, ಕೃತಿಗಳ ನಡುವೆ ಇರುತ್ತವೆ. ಬರೆದವನಿಗೂ ಓದುವವನಿಗೂ ಅವು ಗೊತ್ತಿರುತ್ತವೆ. ಆದರೆ ವಿವರಿಸಿ ಎಂದರೆ ಇಬ್ಬರೂ ತಡವರಿಸುತ್ತಾರೆ. ಮಾತೃಭಾಷೆಯ ವ್ಯಾಕರಣ ನಮಗೆ ಗೊತ್ತಿರುವುದು ಹೀಗೆಯೇ ತಾನೆ? ಸಸ್ಯೂರ್ ವಿಮರ್ಶೆಗೆ ಬಂದದ್ದು ಈ ಬಾಗಿಲಿನಿಂದ.

ಫರ್ಡಿನಂಡ್ ಡಿ ಸಸ್ಯೂರ್ (1857–1913) ಜಿನೀವಾದವರು. ಅವರ ಡಾಕ್ಟರೇಟ್ ಪ್ರಬಂಧ ಸಂಸ್ಕೃತದ ಷಷ್ಠೀ ವಿಭಕ್ತಿಯ ಒಂದು ವಿಶೇಷ ಪ್ರಯೋಗವನ್ನು ಕುರಿತದ್ದು, ಜಿನೀವಾದಲ್ಲಿ ಬಹುಕಾಲ ಪಾಠ ಮಾಡಿದ್ದೂ ಸಂಸ್ಕೃತವನ್ನು. ಅವರ ಹೆಸರನ್ನು ಉಳಿಸಿದ ಪುಸ್ತಕವನ್ನು ಮಾತ್ರ ಅವರು ಬರೆಯಲೇ ಇಲ್ಲ. 1907ರಿಂದ 1911ರ ನಡುವೆ ಸಾಮಾನ್ಯ ಭಾಷಾವಿಜ್ಞಾನದ ಮೇಲೆ ಅವರು ಕೊಟ್ಟ ಉಪನ್ಯಾಸಗಳ ಟಿಪ್ಪಣಿಗಳನ್ನು ವಿದ್ಯಾರ್ಥಿಗಳಿಂದ ಕಲೆಹಾಕಿ, ಶಾರ್ಲ್ ಬಾಯಿ ಮತ್ತು ಆಲ್ಬೆರ್ ಸೆಶೆಹಾಯ್ ಎಂಬ ಇಬ್ಬರು ಸಹೋದ್ಯೋಗಿಗಳು 1916ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಸಸ್ಯೂರ್ ಹೆಚ್ಚಾಗಿ ಮಾತಾಡುವುದು 'ವ್ಯವಸ್ಥೆ'ಯ ಬಗ್ಗೆ. ರಚನಾವಾದ ಎಂಬ ಹೆಸರನ್ನು ರಷ್ಯ ಮೂಲದ ಭಾಷಾವಿಜ್ಞಾನಿ ರೊಮಾನ್ ಯಾಕಬ್ಸನ್ ಚಾಲ್ತಿಗೆ ತಂದದ್ದು 1929ರಲ್ಲಿ, ಸಸ್ಯೂರ್ ತೀರಿಕೊಂಡು ಹದಿನಾರು ವರ್ಷಗಳ ಮೇಲೆ. ನಿಮ್ಮ ಪಠ್ಯದಲ್ಲಿ 'ರಚನೆ' ಎಂದಿರುವಲ್ಲೆಲ್ಲ ವ್ಯವಸ್ಥೆ ಎಂದು ಓದಿಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಕರಗುತ್ತದೆ.

ಆ ವ್ಯವಸ್ಥೆ ಎಂಥದು? ಪ್ರತಿ ಸಂಜೆ ಹೊರಡುವ ಜಿನೀವಾ–ಪ್ಯಾರಿಸ್ ರೈಲು ಸಸ್ಯೂರ್ ಕೊಟ್ಟ ಉದಾಹರಣೆ. ನಮಗೆ ಹೊರವರ್ತುಲ ರಸ್ತೆಯ 500-ಡಿ ಬಸ್ ಸಾಕು. ನಿನ್ನೆ ಬಂದ ಗಾಡಿ ಬೇರೆ, ಇಂದಿನದು ಬೇರೆ. ಚಾಲಕರು, ನಿರ್ವಾಹಕರು ಬೇರೆ. ಒಳಗಿನ ಜನರಂತೂ ಬೇರೆಯೇ. ಆದರೂ ಸಿಲ್ಕ್ ಬೋರ್ಡಿನಲ್ಲಿ ಕಾದು ನಿಂತವರು 'ಅದೇ ಬಸ್ ಬಂತು' ಎನ್ನುತ್ತಾರೆ. ಅದನ್ನು ಅದೇ ಬಸ್ಸಾಗಿಸಿದ್ದು ತಗಡು, ಟೈರುಗಳಲ್ಲ. ಉಳಿದ ಮಾರ್ಗಗಳ ನಡುವೆ ಅದಕ್ಕಿರುವ ಸ್ಥಾನ. ಭಾಷೆಯ ಘಟಕಗಳೂ ಹೀಗೆಯೇ ಎನ್ನುತ್ತಾರೆ ಸಸ್ಯೂರ್. ಆಯಾ ದಿನ ಆಯಾ ಬಾಯಿಂದ ಹೊರಬೀಳುವ ಮಾತು ಒಂದು. ಆ ಮಾತನ್ನು ಸಾಧ್ಯವಾಗಿಸುವ, ಎಲ್ಲರಿಗೂ ಸೇರಿದ ಭಾಷಾ ವ್ಯವಸ್ಥೆ ಇನ್ನೊಂದು. ಭಾಷಾವಿಜ್ಞಾನ ಓದಬೇಕಾದದ್ದು ಎರಡನೆಯದನ್ನು.

ಬೊಮ್ಮನಹಳ್ಳಿಗೆ ಹೊಸದಾಗಿ ಬಂದು ನೆಲೆಸಿದ ಹಿಂದಿ ಭಾಷಿಕರೊಬ್ಬರು ತಮ್ಮ ವಿಳಾಸ ಹೇಳಿದರೆ ನಮಗೆ ಕೇಳಿಸುವುದು 'ಬೊಮ್ಮನಹಲ್ಲಿ'. ಊರು ಹೋಗಿ ಗೋಡೆಯ ಮೇಲಿನ ಪ್ರಾಣಿಯಾಯಿತು ಎಂದು ನಾವು ನಗುತ್ತೇವೆ, ಅವರಿಗೆ ನಗು ಏಕೆಂದು ತಿಳಿಯುವುದಿಲ್ಲ. ಅವರ ಕಿವಿಯಲ್ಲಿ ದೋಷವಿಲ್ಲ. ಲ ಮತ್ತು ಳಗಳ ನಡುವಿನ ವ್ಯತ್ಯಾಸಕ್ಕೆ ಕನ್ನಡದಲ್ಲಿ ಕೆಲಸವಿದೆ: ಕಲೆ–ಕಳೆ, ಬಲಿ–ಬಳಿ. ರೂಢಿಯ ಹಿಂದಿಯಲ್ಲಿ ಅದಕ್ಕೆ ಕೆಲಸವಿಲ್ಲ. ನಗುವ ನಾವು ಒಮ್ಮೆ 'ದನ', 'ಧನ' ಎಂದು ಬೇಗಬೇಗ ಹೇಳಿ ನೋಡಿಕೊಳ್ಳಬೇಕು. ಬರಹದಲ್ಲಿರುವ ಮಹಾಪ್ರಾಣ ಬಹುಪಾಲು ಕನ್ನಡಿಗರ ಆಡುಮಾತಿನಲ್ಲಿ ಇಲ್ಲ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಇದನ್ನು ಹೇಳಿದಾಗ ಅನೇಕರು ಸಿಟ್ಟಾದರು. ಆದರೆ ಕನ್ನಡವನ್ನು ಸಂಸ್ಕೃತ ವ್ಯಾಕರಣದ ಅಚ್ಚಿಗೆ ಸುರಿಯದೆ ಅದರದೇ ವ್ಯವಸ್ಥೆಯಾಗಿ ನೋಡಬೇಕೆಂಬ ಅವರ ಹಟದ ಹಿಂದೆ ಇದೇ ತಿಳಿವಳಿಕೆ ಇದೆ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ ಆಡುಗನ್ನಡವನ್ನು ವಿವರಿಸಿ ಬರೆದ ವ್ಯಾಕರಣ 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂದದ್ದೂ ಈ ಹಾದಿಯಲ್ಲಿಯೇ. ಹಾಗಾಗಿ ರಚನಾವಾದ ಕನ್ನಡಕ್ಕೆ ಸಾಹಿತ್ಯ ಸಿದ್ಧಾಂತವಾಗಿ ಮಾತ್ರ ಬಂತು ಎಂದುಕೊಳ್ಳಬೇಡಿ.

ಧ್ವನಿಗಳ ಮಾತಾಯಿತು; ಅರ್ಥದ ಕತೆಯೂ ಇದೇ, ಮತ್ತು ನನ್ನ ಮಟ್ಟಿಗೆ ಸಸ್ಯೂರರ ನಿಜವಾದ ಹೊಸತನ ಇರುವುದು ಇಲ್ಲಿ. ಆಟೋ ಚಾಲಕನನ್ನು 'ಅಣ್ಣ' ಎಂದು ಕರೆದರೆ ಆ ಪದಕ್ಕೆ ಬಂದ ಬೆಲೆ ಎಲ್ಲಿಂದ ಬಂತು? ನಿಘಂಟಿನಲ್ಲಿ ಹುಡುಕಿದರೆ ಹಿರಿಯ ಸಹೋದರ ಎಂದಿದೆ. ಚಾಲಕ ನಮಗಿಂತ ಹತ್ತು ವರ್ಷ ಚಿಕ್ಕವನಿರಬಹುದು. 'ಸರ್' ಎನ್ನಬಹುದಿತ್ತು, 'ಸ್ವಾಮಿ' ಎನ್ನಬಹುದಿತ್ತು, ಏನೂ ಕರೆಯದೆ ಕೈಯನ್ನಷ್ಟೇ ಅಡ್ಡ ಹಿಡಿಯಬಹುದಿತ್ತು. ಇವೆಲ್ಲವನ್ನೂ ಬಿಟ್ಟು ಆರಿಸಿಕೊಂಡದ್ದರಿಂದ 'ಅಣ್ಣ'ಕ್ಕೆ ಆ ಸಲಿಗೆ, ಆ ಮರ್ಯಾದೆ ಬಂತು. ಬೆಂಗಳೂರಿನಲ್ಲಿ ಈಗ ತರಕಾರಿ ಅಂಗಡಿಯವರಿಂದ ಹಿಡಿದು ಬ್ಯಾಂಕಿನವರವರೆಗೆ ಎಲ್ಲರೂ ಎಲ್ಲರಿಗೂ 'ಸರ್' ಎನ್ನುತ್ತಾರೆ. 'ಸರ್' ಹೀಗೆ ಹರಡಿಕೊಂಡಾಗ 'ಸ್ವಾಮಿ' ಹಳೆಯ ಕಾಲದ್ದೆನಿಸಿತು, 'ಅಣ್ಣ' ಮೊದಲಿಗಿಂತ ಬೆಚ್ಚಗಾಯಿತು. ಆ ಎರಡು ಪದಗಳನ್ನು ಯಾರೂ ಮುಟ್ಟಿಲ್ಲ, ಆದರೂ ಅವು ಬದಲಾದವು. ಭಾಷೆಯಲ್ಲಿ ಇರುವುದು ವ್ಯತ್ಯಾಸಗಳು ಮಾತ್ರ ಎಂದು ಸಸ್ಯೂರ್ ಹೇಳಿದ್ದು ಇದನ್ನೇ.

ಇದು ನಮ್ಮಲ್ಲಿ ಮೊದಲೇ ಇತ್ತು ಎನ್ನುವವರು ಈ ಹಂತದಲ್ಲಿ ಏಳುತ್ತಾರೆ. ಬೌದ್ಧ ತಾರ್ಕಿಕ ದಿಙ್ನಾಗರ ಅಪೋಹ ಸಿದ್ಧಾಂತದಲ್ಲಿ 'ಗೋವು' ಎಂಬ ಪದ ಗೋವಲ್ಲದ್ದನ್ನು ಹೊರಗಿಡುವ ಮೂಲಕ ಅರ್ಥ ಕೊಡುತ್ತದೆ. ಹೋಲಿಕೆ ನಿಜ, ಬೆರಗು ಹುಟ್ಟಿಸುವಂಥದು. ಆದರೆ ದಿಙ್ನಾಗರ ಚಿಂತೆ ಪದದಿಂದ ನಮಗೆ ಎಂಥ ಜ್ಞಾನ ದೊರೆಯುತ್ತದೆ ಎಂಬುದು. ಸಸ್ಯೂರರದು ಒಂದು ಸಮಾಜದ ಭಾಷೆ ಹೇಗೆ ನಿಂತಿದೆ ಎಂಬುದು. ಒಂದನ್ನು ಇನ್ನೊಂದರ ಪೂರ್ವಜ ಮಾಡಲು ಹೊರಟರೆ ಎರಡೂ ಮಸುಕಾಗುತ್ತವೆ.

ಭಾಷೆಯಿಂದ ಈ ವಿಚಾರ ಕಥೆ, ಪುರಾಣಗಳಿಗೆ ದಾಟಿದ್ದು ಯುದ್ಧದ ಕಾಲದಲ್ಲಿ. ಯುರೋಪಿನಿಂದ ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರಿದ್ದ ಯಾಕಬ್ಸನ್ ಮತ್ತು ಮಾನವಶಾಸ್ತ್ರಜ್ಞ ಕ್ಲಾಡ್ ಲೆವಿ-ಸ್ಟ್ರಾಸ್ 1940ರ ದಶಕದ ಆರಂಭದಲ್ಲಿ ಒಂದೇ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದರು, ಒಬ್ಬರ ಉಪನ್ಯಾಸಕ್ಕೆ ಇನ್ನೊಬ್ಬರು ಹೋಗಿ ಕೂರುತ್ತಿದ್ದರು. ಧ್ವನಿಗಳಿಗೆ ಒಂಟಿಯಾಗಿ ಅರ್ಥವಿಲ್ಲದೆ, ಎದುರುಬದುರು ನಿಂತಾಗ ಮಾತ್ರ ಕೆಲಸ ನಡೆಯುವುದಾದರೆ, ಪುರಾಣದ ಘಟನೆಗಳೂ ಹಾಗೇ ಇರಬಹುದಲ್ಲವೇ ಎಂದು ಲೆವಿ-ಸ್ಟ್ರಾಸ್‌ರಿಗೆ ಹೊಳೆಯಿತು. 1955ರಲ್ಲಿ ಪುರಾಣಗಳ ರಚನೆಯನ್ನು ಕುರಿತ ಅವರ ಲೇಖನ ಬಂತು. ಇದಕ್ಕೂ ಬಹಳ ಮೊದಲು, 1928ರಲ್ಲಿ, ರಷ್ಯದ ವ್ಲಾದಿಮಿರ್ ಪ್ರಾಪ್ ನೂರು ಅದ್ಭುತ ಕಥೆಗಳನ್ನು ಬಿಡಿಸಿ, ಪಾತ್ರಗಳು ಯಾರೇ ಆಗಲಿ ಅವು ಮಾಡುವ ಕ್ರಿಯೆಗಳು 31 ಮಾತ್ರ ಎಂದು ತೋರಿಸಿದ್ದರು. ಪ್ರಾಪ್‌ರ ಪಟ್ಟಿ ರಷ್ಯದ ಅದ್ಭುತ ಕಥೆಗಳಿಗೆ ಮಾಡಿದ್ದು. ಸಿಕ್ಕ ಕಾದಂಬರಿಗೆಲ್ಲ ಅದನ್ನು ತೊಡಿಸುವ ಚಾಳಿ ನಮ್ಮ ಸಂಶೋಧನಾ ಪ್ರಬಂಧಗಳಲ್ಲಿದೆ. ಅದಕ್ಕೆ ಅವರು ಹೊಣೆಯಲ್ಲ.

ಲೆವಿ-ಸ್ಟ್ರಾಸ್‌ರ ವಿಧಾನವನ್ನು ಗೋವಿನ ಹಾಡಿನ ಮೇಲೆ ಪ್ರಯೋಗಿಸಿ ನೋಡೋಣ. ಪುಣ್ಯಕೋಟಿಯ ಸತ್ಯನಿಷ್ಠೆ ಎಂಬ ಪಾಠವನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಅದು ನಾಲ್ಕನೆಯ ತರಗತಿಯಲ್ಲಿಯೇ ಮುಗಿದಿದೆ. ಹಾಡಿನಲ್ಲಿ ಎರಡು ಲೋಕಗಳಿವೆ. ಒಂದು ಗೊಲ್ಲ ಕಾಳಿಂಗನ ದೊಡ್ಡಿ, ಇನ್ನೊಂದು ಹುಲಿ ಅರ್ಬುತನ ಕಾಡು. ಹಸುವಿನ ಮೈಯಿಂದ ಆಹಾರ ಬಯಸುವ ಹಸಿದವರೂ ಇಬ್ಬರು: ದೊಡ್ಡಿಯಲ್ಲಿ ಕರು, ಕಾಡಿನಲ್ಲಿ ಹುಲಿ. ಕರುವಿಗೆ ಬೇಕಾದ ಹಾಲನ್ನು ಕೊಟ್ಟರೆ ಹಸು ಉಳಿಯುತ್ತದೆ, ಹುಲಿಗೆ ಬೇಕಾದ ಮಾಂಸವನ್ನು ಕೊಟ್ಟರೆ ಇಲ್ಲವಾಗುತ್ತದೆ. ಈಗ ಸಂಬೋಧನೆಗಳನ್ನು ಗಮನಿಸಿ. ದೊಡ್ಡಿಗೆ ಮರಳಿದ ಪುಣ್ಯಕೋಟಿ ಉಳಿದ ಹಸುಗಳನ್ನು ಅಮ್ಮಂದಿರೇ, ಅಕ್ಕಂದಿರೇ, ಒಡಹುಟ್ಟಿದವರೇ ಎಂದು ಕರೆದು ತಬ್ಬಲಿ ಕರುವನ್ನು ಅವರ ಮಡಿಲಿಗೆ ಹಾಕುತ್ತದೆ. ದೊಡ್ಡಿ ನೆಂಟಸ್ತಿಕೆಯ ಲೋಕ. ಕಾಡಿನಲ್ಲಿ ನೆಂಟರಿಲ್ಲ, ತಿನ್ನುವವರು ಮತ್ತು ತಿನ್ನಿಸಿಕೊಳ್ಳುವವರು ಮಾತ್ರ. ಹಾಗಿರುವಾಗ ಕೊನೆಯಲ್ಲಿ ಹುಲಿ ಏನು ಹೇಳುತ್ತದೆ? ನೀನು ನನ್ನ ಒಡಹುಟ್ಟಿದ ಅಕ್ಕ, ನಿನ್ನನ್ನು ಕೊಂದು ಪಡೆಯುವುದೇನು ಎನ್ನುತ್ತದೆ. ದೊಡ್ಡಿಯ ಪದವೊಂದು ಕಾಡಿನ ಬಾಯಿಗೆ ಬಂದಿದೆ. ಅಕ್ಕ ಎಂದ ಮೇಲೆ ಹಸು ಆಹಾರದ ಸಾಲಿನಿಂದ ನೆಂಟರ ಸಾಲಿಗೆ ಜಿಗಿಯಿತು. ಹಸುವನ್ನು ತಿನ್ನಲಾರದ ಹುಲಿಗೆ ಕಾಡಿನಲ್ಲಿ ಸ್ಥಾನವಿಲ್ಲ, ದೊಡ್ಡಿಯಲ್ಲಂತೂ ಇರಲೇ ಇಲ್ಲ. ಅದು ಹಾರಿ ಪ್ರಾಣ ಬಿಡುವುದು ಪಶ್ಚಾತ್ತಾಪದಿಂದ ಎಂದು ನಾವು ಕಲಿತದ್ದು ಸುಳ್ಳಲ್ಲ. ಆದರೆ ಈ ಎರಡು ಸಾಲುಗಳ ನಡುವೆ ನಿಲ್ಲಲು ಜಾಗವೇ ಇಲ್ಲದ್ದರಿಂದಲೂ ಹೌದು.

ಈ ಓದಿನಲ್ಲಿ ಕವಿಯ ಉದ್ದೇಶ ಬರಲಿಲ್ಲ, ಹಾಡು ಚೆನ್ನಾಗಿದೆಯೇ ಎಂಬ ಮಾತೂ ಬರಲಿಲ್ಲ. ತಿನ್ನಬಹುದಾದವರು ಮತ್ತು ನೆಂಟರು ಎಂಬ ಒಂದು ವಿಂಗಡಣೆ ಕೇಳುಗರ ತಲೆಯಲ್ಲಿ ಮೊದಲೇ ಇರುವುದರಿಂದ ಹಾಡು ಕೆಲಸ ಮಾಡುತ್ತದೆ ಎಂದಷ್ಟೇ ತೋರಿಸಿದೆವು. ಕೃತಿನಿಷ್ಠ ವಿಮರ್ಶಕನಾಗಿದ್ದರೆ ಲಯದ ಹತ್ತಿರ, ಕರುವಿನ ಮಾತಿನ ಆರ್ದ್ರತೆಯ ಹತ್ತಿರ ನಿಲ್ಲುತ್ತಿದ್ದ.

ವಚನಗಳ ಅಂಕಿತವೂ ಹೀಗೆ ನೋಡಿದರೆ ಬೇರೆಯಾಗಿ ಕಾಣುತ್ತದೆ. ಕೂಡಲಸಂಗಮದೇವ ಎಂದು ಮುಗಿದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಮೂರೂ ಶಿವನ ಹೆಸರುಗಳೇ. ಮೂರು ಬೇರೆ ದನಿಗಳಾಗಿ ನಮಗೆ ಕೇಳಿಸುವುದು ಅವು ಪರಸ್ಪರ ಬೇರೆಯಾಗಿರುವುದರಿಂದ. ಅಂಕಿತ ಕಂಡೊಡನೆ ಓದುಗ ಹಿಂದಿನ ಸಾಲುಗಳನ್ನು ಆ ದನಿಯಲ್ಲಿ ಮರಳಿ ಓದಿಕೊಳ್ಳುತ್ತಾನೆ. ಈ ಓದುವ ಅಭ್ಯಾಸಕ್ಕೆ ಅಮೆರಿಕದ ವಿಮರ್ಶಕ ಜೊನಾಥನ್ ಕಲರ್ 1975ರಲ್ಲಿ ಸಾಹಿತ್ಯಕ ಸಾಮರ್ಥ್ಯ ಎಂಬ ಹೆಸರು ಕೊಟ್ಟು, ವಿಮರ್ಶೆ ವಿವರಿಸಬೇಕಾದದ್ದು ಅದನ್ನೇ ಎಂದು ವಾದಿಸಿದರು. ನನಗೆ ಅವರ ಮಾತು ಒಪ್ಪಿಗೆ.

ಒಪ್ಪಿಗೆಯಾಗದ ಸಂಗತಿಗಳೂ ಇವೆ. ಪುರಾಣ ಎಷ್ಟು ಕೆಟ್ಟ ಅನುವಾದದಲ್ಲಿಯೂ ಉಳಿಯುತ್ತದೆ ಎಂದು ಲೆವಿ-ಸ್ಟ್ರಾಸ್ ಧೈರ್ಯವಾಗಿ ಹೇಳಿದರು. ಹಾಗಾದರೆ ಚೆನ್ನಾಗಿ ಹೇಳುವವರು ಏಕೆ ಬೇಕು? ಎ.ಕೆ. ರಾಮಾನುಜನ್ ಈಡಿಪಸ್ ಕಥೆಯ ವಿನ್ಯಾಸವನ್ನು ಕನ್ನಡದ ಜನಪದ ಕಥೆಯೊಂದರಲ್ಲಿ ಗುರುತಿಸಿದಾಗ, ಅಲ್ಲಿ ಕಥೆ ತಾಯಿಯ ಕಡೆಯಿಂದ ನಡೆಯುತ್ತದೆ, ಮಗನ ಕಡೆಯಿಂದಲ್ಲ ಎಂಬುದನ್ನು ಒತ್ತಿ ಹೇಳಿದರು. ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ ಎಂಬುದು ಅವರಿಗೆ ಎಂದೂ ಅಮುಖ್ಯವಾಗಲಿಲ್ಲ. ಇನ್ನೊಂದು ತೊಡಕು: ಹಸು–ಹುಲಿ, ದೊಡ್ಡಿ–ಕಾಡು ಎಂದು ಜೋಡಿ ಮಾಡಿದ ಕೂಡಲೇ ಒಂದು ಮೇಲಾಗಿ ಇನ್ನೊಂದು ಕೀಳಾಗುತ್ತದೆ. ಹಾಗೆ ಮಾಡಿದವರು ಯಾರು ಎಂದು ರಚನಾವಾದ ಕೇಳುವುದಿಲ್ಲ. 1966ರ ಅಕ್ಟೋಬರಿನಲ್ಲಿ ಬಾಲ್ಟಿಮೋರ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಫ್ರೆಂಚ್ ತತ್ವಚಿಂತಕ ಝಾಕ್ ಡೆರಿಡಾ ಕೈ ಹಾಕಿದ್ದು ವ್ಯವಸ್ಥೆಗೊಂದು ಸ್ಥಿರ ಕೇಂದ್ರವಿದೆ ಎಂಬ ನಂಬಿಕೆಗೇ. ರಚನಾವಾದವನ್ನು ಅಮೆರಿಕದವರಿಗೆ ಪರಿಚಯಿಸಲೆಂದು ಕರೆದ ಸಮ್ಮೇಳನ ಅದು. ಪರಿಚಯ ಮುಗಿಯುವಷ್ಟರಲ್ಲಿ ಬೀಳ್ಕೊಡುಗೆಯೂ ಆಗಿತ್ತು. ಅದಕ್ಕೂ ಮೊದಲು ರಚನಾವಾದದ ಮುಂಚೂಣಿಯಲ್ಲಿದ್ದ ಫ್ರೆಂಚ್ ವಿಮರ್ಶಕ ರೊಲಾನ್ ಬಾರ್ಥ್ 1970ರಲ್ಲಿ ಬಾಲ್ಝಾಕ್‌ರ ಒಂದು ನೀಳ್ಗತೆಯನ್ನು 561 ತುಂಡುಗಳಾಗಿ ಕತ್ತರಿಸಿ ಓದಿದರು. ಎಲ್ಲ ಕಥೆಗಳಿಗೂ ಒಂದೇ ವ್ಯಾಕರಣ ಎಂಬ ಆಸೆಯನ್ನು ಅಷ್ಟರಲ್ಲಿ ಅವರೇ ಕೈಬಿಟ್ಟಿದ್ದರು.

ಓದಲು ಎಲ್ಲಿಂದ ಶುರು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಸ್ಯೂರರ ಪುಸ್ತಕದ ಎರಡನೆಯ ಭಾಗದ ನಾಲ್ಕನೆಯ ಅಧ್ಯಾಯ, ಭಾಷಿಕ ಮೌಲ್ಯವನ್ನು ಕುರಿತದ್ದು, ಅದನ್ನು ಮೊದಲು ಓದಿ. ಮೇಲೆ 'ಅಣ್ಣ'ನ ಬಗ್ಗೆ ಹೇಳಿದ್ದೆಲ್ಲ ಅಲ್ಲಿಂದ ಬಂದದ್ದು. ಆಮೇಲೆ ಪ್ರಾಪ್. ಲೆವಿ-ಸ್ಟ್ರಾಸ್‌ರಲ್ಲಿ ಬೀಜಗಣಿತದಂತೆ ಕಾಣುವ ಸೂತ್ರವೊಂದು ಎದುರಾಗುತ್ತದೆ. ಅದನ್ನು ಹಾರಿಸಿ ಮುಂದೆ ಹೋದರೆ ನಷ್ಟವಿಲ್ಲ.