ಬೋಟಿನ ಎಲೆಕ್ಟ್ರಿಕ್ ಕಮೋಡ್ ಬದಲಾಯಿಸುವುದು: ಕಲಿಯುವವರಿಗೆ ಟಿಪ್ಪಣಿ

ಬೋಟ್ ರಿಪೇರಿ ಕಲಿಯುತ್ತಿರುವವರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ನಾನು ಈ ಕೆಲಸ ಕಲಿತದ್ದು ಅಮೆರಿಕದ ಸಿಯಾಟಲ್‌ನಲ್ಲಿ, ಪ್ಯೂಜೆಟ್ ಸೌಂಡ್ ಅನ್ನುವ ಒಳಸಮುದ್ರದ ದಡದಲ್ಲಿ. ಸ್ನೇಹಿತರೊಬ್ಬರದು 32 ಅಡಿಯ ಹಾಯಿದೋಣಿ. ಅದರ ಕಮೋಡ್ ಬಟನ್ ಒತ್ತಿದರೆ ಮೋಟಾರ್ ಗುಂಯ್ ಅನ್ನುತ್ತಿತ್ತು, ನಿಧಾನಕ್ಕೆ ತಿರುಗುತ್ತಿತ್ತು, ಒಮ್ಮೊಮ್ಮೆ ಫ್ಯೂಸ್ ಹೋಗುತ್ತಿತ್ತು.

"ಅದೇ ಮಾಡೆಲ್ ತರಿಸೋಣ. ಹಳೇದು ಬಿಚ್ಚಿ ಹೊಸದು ಕೂರಿಸಿದರೆ ಆಯ್ತಲ್ವಾ?" ಅಂದರು ಅವರು. ಎರಡು ವರ್ಷದ ಹಿಂದೆ ಮಾಡಿದ್ದೂ ಅದನ್ನೇ. ಹಾಗಾದರೆ ಎರಡೇ ವರ್ಷಕ್ಕೆ ಮೋಟಾರ್ ಯಾಕೆ ಸೋತಿತು? ಹೊಸದನ್ನು ಕೊಳ್ಳುವ ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಬೇಕು. ಇಲ್ಲದಿದ್ದರೆ ಹಳೇದನ್ನು ಕೊಂದ ಕಾರಣ ಹೊಸದನ್ನೂ ಕೊಲ್ಲುತ್ತದೆ. ನಮ್ಮ ಕೆಲಸ ನಾಲ್ಕು ವಾರಾಂತ್ಯ ಹಿಡಿಯಿತು. ಅದರಲ್ಲಿ ಕಮೋಡ್ ಕೂರಿಸಲು ಹಿಡಿದದ್ದು ಅರ್ಧ ದಿನ ಮಾತ್ರ. ಉಳಿದದ್ದೆಲ್ಲ ವೈರು, ಹೋಸು, ವಾಲ್ವುಗಳ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೋಟಿನವರು ಕಮೋಡನ್ನೂ ಅದಿರುವ ಕೋಣೆಯನ್ನೂ 'ಹೆಡ್' ಅನ್ನುತ್ತಾರೆ. ಹಿಂದಿನ ಕಾಲದ ಹಾಯಿಹಡಗುಗಳಲ್ಲಿ ನಾವಿಕರು ಹಡಗಿನ ಮೂತಿಯ ಕಡೆ, ಅಂದರೆ ತಲೆಯ ಭಾಗಕ್ಕೆ ಹೋಗಿ ಮುಗಿಸಿಕೊಂಡು ಬರುತ್ತಿದ್ದರು. ಹೆಸರು ಹಾಗೇ ಉಳಿದಿದೆ. ಮ್ಯಾನುಯಲ್ ಓದುವಾಗ ಗೊಂದಲ ಆಗದಿರಲಿ ಅಂತ ಹೇಳಿದೆ.

ಒಳಗೆ ಏನಿದೆ

ಸಾಮಾನ್ಯ ಎಲೆಕ್ಟ್ರಿಕ್ ಹೆಡ್‌ನಲ್ಲಿ ಒಂದೇ ಮೋಟಾರ್, ಒಂದೇ ಶಾಫ್ಟ್. ಶಾಫ್ಟಿನಲ್ಲಿ ಎರಡು ಪಂಪ್. ಒಂದು ರಬ್ಬರ್ ಇಂಪೆಲ್ಲರ್, ಅಂದರೆ ರೆಕ್ಕೆಗಳಿರುವ ಸಣ್ಣ ಚಕ್ರ. ಅದು ಹೊರಗಿನ ಸಮುದ್ರದ ನೀರನ್ನು ಎಳೆದು ಬೋಗುಣಿಗೆ ಬಿಡುತ್ತದೆ. ಇನ್ನೊಂದು ಮ್ಯಾಸರೇಟರ್. ನಮ್ಮ ಅಡುಗೆಮನೆಯ ಮಿಕ್ಸಿ ಬ್ಲೇಡ್ ತರಹದ್ದು. ಎಲ್ಲವನ್ನೂ ಅರೆದು ನೀರಾಗಿಸಿ ಹೊರಗೆ ತಳ್ಳುತ್ತದೆ. ಬಟನ್ ಒತ್ತಿದಷ್ಟು ಹೊತ್ತು ಎರಡೂ ಒಟ್ಟಿಗೇ ನಡೆಯುತ್ತವೆ. ಹೀಗಾಗಿ ನೀರು ಎಷ್ಟು ಹೋಗಬೇಕು ಅನ್ನುವುದು ನಮ್ಮ ಕೈಯಲ್ಲಿ ಅಷ್ಟಾಗಿ ಇರುವುದಿಲ್ಲ. ಸದ್ದೂ ಜೋರು. ನೀರಿಲ್ಲದೆ ಓಡಿಸಿದರೆ ರಬ್ಬರ್ ಇಂಪೆಲ್ಲರ್ ಸುಟ್ಟು ಹರಿದುಹೋಗುತ್ತದೆ.

ಸ್ವಲ್ಪ ಜಾಸ್ತಿ ಬೆಲೆಯ ಮಾಡೆಲ್‌ಗಳಲ್ಲಿ ನೀರು ಬಿಡುವ ಕೆಲಸ ಬೇರೆ, ಖಾಲಿ ಮಾಡುವ ಕೆಲಸ ಬೇರೆ. ಮೊದಲು ಸ್ವಲ್ಪ ನೀರು ತುಂಬಬಹುದು, ಆಮೇಲೆ ಬರೀ ಖಾಲಿ ಮಾಡಬಹುದು. ಹೊಲಸು ಸಮುದ್ರಕ್ಕೆ ಹೋಗದೆ ಬೋಟಿನೊಳಗಿನ ಟ್ಯಾಂಕಿಗೆ ಹೋಗುವ ಹೆಡ್ ಆದರೆ ಇಂಥದ್ದನ್ನೇ ಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ನಿರ್ವಾತದಿಂದ ಎಳೆಯುವ ಬಗೆಯೂ ಇದೆ. ಅದು ನೀರು ಬಹಳ ಕಮ್ಮಿ ಬಳಸುತ್ತದೆ. ಆದರೆ ಅದರ ಪಂಪ್, ಟ್ಯಾಂಕ್‌ಗಳಿಗೆ ಬೇರೆ ಜಾಗ ಬೇಕು. ಸಣ್ಣ ಬೋಟಿನಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ.

ಟ್ಯಾಂಕಿನ ಲೆಕ್ಕ ಮೊದಲು

ಅಮೆರಿಕದ ನೀರಿನಲ್ಲಿ ದಡದಿಂದ 3 ನಾಟಿಕಲ್ ಮೈಲಿಯೊಳಗೆ ಹೊಲಸನ್ನು ಹಾಗೇ ಹೊರಗೆ ಬಿಡುವಂತಿಲ್ಲ. ಪ್ಯೂಜೆಟ್ ಸೌಂಡಿನಲ್ಲಿ ಕಾನೂನು ಇನ್ನೂ ಬಿಗಿ. 2018ರ ಮೇ 10ರಿಂದ ಅಲ್ಲಿ ಶುದ್ಧೀಕರಿಸಿದ್ದನ್ನೂ ಬಿಡುವಂತಿಲ್ಲ. ಲೇಕ್ ಯೂನಿಯನ್, ಲೇಕ್ ವಾಷಿಂಗ್ಟನ್ ಸರೋವರಗಳೂ ಈ ಕಾನೂನಿನೊಳಗೇ ಬರುತ್ತವೆ. ಎಲ್ಲವನ್ನೂ ಹೋಲ್ಡಿಂಗ್ ಟ್ಯಾಂಕಿನಲ್ಲಿ ಇಟ್ಟುಕೊಂಡು ಮರೀನಾದ (ಬೋಟುಗಳನ್ನು ಕಟ್ಟಿ ನಿಲ್ಲಿಸುವ ಜಾಗ) ಪಂಪ್‌ಔಟ್ ಕೇಂದ್ರದಲ್ಲಿ ಖಾಲಿ ಮಾಡಿಸಬೇಕು. ಹೊರಗೆ ಬಿಡುವ ವಾಲ್ವ್ ಇದ್ದರೆ ಅದನ್ನು ಮುಚ್ಚಿ ಹಿಡಿಕೆ ತೆಗೆದಿಡಬೇಕು, ಇಲ್ಲವೇ ಬೀಗ ಹಾಕಬೇಕು, ಇಲ್ಲವೇ ಕತ್ತರಿಸದೆ ಬಿಚ್ಚಲಾಗದ ಟೈ ಕಟ್ಟಬೇಕು. ಸುಮ್ನೆ ಮುಚ್ಚಿದರೆ ಸಾಲದು.

ಇದು ಕಮೋಡ್ ಆಯ್ಕೆಗೆ ನೇರವಾಗಿ ಬಂದು ತಗಲುತ್ತದೆ. ಈ ಬೋಟಿನ ಟ್ಯಾಂಕ್ 20 ಗ್ಯಾಲನ್, ಅಂದರೆ ಸುಮಾರು 75 ಲೀಟರ್. ಅಂಚಿನವರೆಗೆ ತುಂಬಿಸುವಂತಿಲ್ಲ, ಹಾಗಾಗಿ 60 ಲೀಟರ್ ಅಂತ ಹಿಡಿಯಿರಿ. ಇಬ್ಬರು ಸೇರಿ ದಿನಕ್ಕೆ ಹತ್ತು ಸಲ ಫ್ಲಶ್. ಒಂದು ಫ್ಲಶ್‌ಗೆ 3 ಲೀಟರ್ ಆದರೆ ಎರಡೇ ದಿನಕ್ಕೆ ಟ್ಯಾಂಕ್ ತುಂಬಿತು. ಒಂದೂವರೆ ಲೀಟರ್ ಆದರೆ ನಾಲ್ಕು ದಿನ. ವಾರಾಂತ್ಯದ ಪ್ರಯಾಣ ನೆಮ್ಮದಿಯಾಗಿ ಮುಗಿಯುತ್ತದೆ.

ಹಾಗಾದರೆ ನೀರು ಇನ್ನೂ ಕಮ್ಮಿ ಮಾಡಿದರೆ? ಇಲ್ಲಿ ಹೋಸ್ ಅಡ್ಡ ಬರುತ್ತದೆ. ಹೊರಹೋಗುವ ಹೋಸ್ ಸಾಮಾನ್ಯವಾಗಿ 38 ಮಿಲಿಮೀಟರ್ ಒಳವ್ಯಾಸದ್ದು. ಅದರ ಒಂದು ಮೀಟರಿನಲ್ಲಿ 1.1 ಲೀಟರ್ ಹಿಡಿಯುತ್ತದೆ. ಹೋಸ್ ಎರಡು ಮೀಟರ್ ಇದ್ದು ನೀವು ಒಂದು ಲೀಟರ್ ಮಾತ್ರ ಬಿಟ್ಟರೆ ಹೊಲಸು ಟ್ಯಾಂಕನ್ನು ಮುಟ್ಟುವುದೇ ಇಲ್ಲ. ದಾರಿಯಲ್ಲೇ ನಿಂತು ಕೊಳೆಯುತ್ತದೆ. ವಾಸನೆ ಬರುತ್ತಿದೆ ಅಂತ ಜನ ಕಮೋಡ್ ಉಜ್ಜುತ್ತಾ ಇರುತ್ತಾರೆ. ವಾಸನೆ ಇರುವುದು ಹೋಸಿನಲ್ಲಿ. ಕೆಲವು ಮ್ಯಾಸರೇಟರ್ ಮಾಡೆಲ್‌ಗಳು 25 ಮಿಲಿಮೀಟರ್ ಹೋಸ್ ಒಪ್ಪುತ್ತವೆ. ಅದರಲ್ಲಿ ಮೀಟರಿಗೆ ಅರ್ಧ ಲೀಟರೂ ಇಲ್ಲ. ಅರೆದು ಕಳಿಸುವುದರಿಂದ ಸಣ್ಣ ಹೋಸ್ ಸಾಕಾಗುತ್ತದೆ. ನಾವು ಅಂಥದ್ದನ್ನೇ ಆರಿಸಿದೆವು. ಎರಡು ಮೀಟರಿಗೆ ಒಂದು ಲೀಟರ್, ಮೇಲೆ ಅರ್ಧ ಲೀಟರ್. ಒಂದೂವರೆ ಲೀಟರಿನ ಲೆಕ್ಕ ಬಂದದ್ದು ಹೀಗೆ.

ಟ್ಯಾಂಕಿನ ಗಾಳಿ ಪೈಪನ್ನೂ ಈಗಲೇ ನೋಡಿಬಿಡಿ. ಅದು ಕಟ್ಟಿಕೊಂಡಿದ್ದರೆ ಮೋಟಾರ್ ಒತ್ತಡದ ವಿರುದ್ಧ ತಳ್ಳಬೇಕಾಗುತ್ತದೆ. ಪಂಪ್‌ಔಟ್ ಮಾಡುವಾಗ ಟ್ಯಾಂಕೇ ಒಳಗೆ ಕುಸಿಯಬಹುದು.

ಸಿಹಿನೀರೋ ಉಪ್ಪುನೀರೋ

ಉಪ್ಪುನೀರು ಬಿಟ್ಟಿ ಸಿಗುತ್ತದೆ. ಆದರೆ ಎರಡು ತೊಂದರೆ. ಒಂದು, ಒಳಬರುವ ಹೋಸಿನಲ್ಲಿ ನಿಂತ ಸಮುದ್ರದ ನೀರಿನ ಸಣ್ಣ ಜೀವಿಗಳು ಸತ್ತು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಬೋಟ್ ಒಂದು ವಾರ ನಿಂತಿದ್ದು ಮೊದಲ ಸಲ ಬಟನ್ ಒತ್ತಿದಾಗ ಮೂಗಿಗೆ ಹೊಡೆಯುವುದು ಅದೇ. ಎರಡು, ಸಮುದ್ರದ ನೀರು ಮೂತ್ರದ ಜೊತೆ ಸೇರಿ ಹೋಸಿನೊಳಗೆ ಗಟ್ಟಿ ಸುಣ್ಣದ ಪದರ ಕಟ್ಟುತ್ತದೆ. ಬೋರ್‌ವೆಲ್ ನೀರಿನ ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಆ ಬಿಳಿ ಪದರ ಗೊತ್ತು. ನಾವು ಹಳೇ ಹೋಸನ್ನು ಕತ್ತರಿಸಿದಾಗ 38 ಮಿಲಿಮೀಟರ್ ದಾರಿಯಲ್ಲಿ ನನ್ನ ಹೆಬ್ಬೆರಳು ತೂರುತ್ತಿರಲಿಲ್ಲ. ಮೋಟಾರ್ ಸೋತದ್ದಕ್ಕೆ ಮೊದಲ ಕಾರಣ ಅಲ್ಲೇ ಸಿಕ್ಕಿತು.

ಸಿಹಿನೀರಿಗೆ ಬದಲಾಯಿಸಿದರೆ ಇವೆರಡೂ ಬಹಳ ಕಮ್ಮಿಯಾಗುತ್ತವೆ. ಆದರೆ ಉಪ್ಪುನೀರಿನ ಹೆಡ್‌ಗೆ ಕುಡಿಯುವ ನೀರಿನ ಲೈನ್ ಕೊಟ್ಟು ಕೆಲಸ ಮುಗಿಸುವುದನ್ನು ಯಾವತ್ತೂ ಮಾಡಬೇಡಿ. ಕಮೋಡಿನ ಕೊಳೆ ಹಿಂದಕ್ಕೆ ಹರಿದು ಕುಡಿಯುವ ಟ್ಯಾಂಕಿಗೇ ಸೇರಬಹುದು. ಸಿಹಿನೀರಿಗೆ ಅಂತಲೇ ಮಾಡಿದ, ಹಿಂದಕ್ಕೆ ಹರಿಯದಂತೆ ತಡೆ ಇರುವ ಮಾಡೆಲ್ ಬೇಕು. ನಮ್ಮ ಸ್ನೇಹಿತರ ಬೋಟಿನಲ್ಲಿ ನೀರಿನ ಟ್ಯಾಂಕ್ ಸಣ್ಣದು, ಹಾಗಾಗಿ ಉಪ್ಪುನೀರನ್ನೇ ಉಳಿಸಿಕೊಂಡೆವು.

ವೈರು: ನಾನು ಅತಿ ಹೆಚ್ಚು ಕಲಿತದ್ದು ಇಲ್ಲಿ

ಎಲೆಕ್ಟ್ರಿಕ್ ಹೆಡ್ ಬ್ಯಾಟರಿ ತಿನ್ನುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಲೆಕ್ಕ ಹಾಕಿ ನೋಡಿ. 12 ವೋಲ್ಟಿನಲ್ಲಿ 18 ಆಂಪ್ ಎಳೆಯುವ ಮೋಟಾರ್ ಅರ್ಧ ನಿಮಿಷ ಓಡಿದರೆ 0.15 ಆಂಪ್ ಅವರ್. ದಿನಕ್ಕೆ ಹತ್ತು ಸಲ ಆದರೆ ಒಂದೂವರೆ ಆಂಪ್ ಅವರ್. 100 ಆಂಪ್ ಅವರ್ ಬ್ಯಾಟರಿಗೆ ಇದು ಏನೂ ಅಲ್ಲ. ಕಷ್ಟ ಇರುವುದು ಆ ಅರ್ಧ ನಿಮಿಷ 18 ಆಂಪನ್ನು ಸಾಗಿಸುವ ವೈರಿಗೆ.

ಊರಿನಲ್ಲಿ ಲೋ ವೋಲ್ಟೇಜ್ ಇದ್ದಾಗ ಸಂಪಿನ ಮೋಟಾರ್ ಹಾಕಿದರೆ ಏನಾಗುತ್ತದೆ? ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ, ಬಿಟ್ಟರೆ ಕಾಯಿಲ್ ಸುಡುತ್ತದೆ. ಹೆಡ್‌ನ ಮೋಟಾರಿಗೂ ಅದೇ ಗತಿ. ಹಳೇ ಮೋಟಾರ್ ಓಡುತ್ತಿರುವಾಗಲೇ ಅಳೆದೆವು. ಬ್ಯಾಟರಿಯಲ್ಲಿ 12.5 ವೋಲ್ಟ್. ಮೋಟಾರಿನ ತುದಿಯಲ್ಲಿ 10.6. ದಾರಿಯಲ್ಲಿ 1.9 ವೋಲ್ಟ್ ಕಳೆದುಹೋಗಿತ್ತು. ಮೋಟಾರ್ ನಿಂತಿದ್ದಾಗ ಅಳೆದರೆ ಎರಡೂ ಕಡೆ 12.5 ತೋರಿಸುತ್ತದೆ. ಅದಕ್ಕೇ ಓಡುತ್ತಿರುವಾಗ ಅಳೆಯುವುದು ಮುಖ್ಯ.

ವೈರ್ 12 ಗೇಜಿನದು. ಸುಮಾರು 3.3 ಸ್ಕ್ವೇರ್ ಎಂಎಂ. ಅಮೆರಿಕದ ಗೇಜ್ ಲೆಕ್ಕದಲ್ಲಿ ಸಂಖ್ಯೆ ಕಮ್ಮಿಯಾದಷ್ಟೂ ವೈರ್ ದಪ್ಪ. ಬ್ಯಾಟರಿಯಿಂದ ಹೆಡ್‌ಗೆ 6 ಮೀಟರ್. ಹೋಗಿ ಬರುವುದು ಸೇರಿ 12 ಮೀಟರ್ ಅಂತ ಹಿಡಿಯಬೇಕು. ಕಲಿಯುವವರು ತಪ್ಪುವುದು ಇಲ್ಲೇ, ಒಂದೇ ಕಡೆಯ ಉದ್ದ ಹಿಡಿದುಬಿಡುತ್ತಾರೆ. 12 ಗೇಜಿನ ತಡೆ ಮೀಟರಿಗೆ ಸುಮಾರು 5.2 ಮಿಲಿಓಮ್. 12 ಮೀಟರಿಗೆ 62 ಮಿಲಿಓಮ್. 18 ಆಂಪಿನಿಂದ ಗುಣಿಸಿದರೆ 1.1 ವೋಲ್ಟ್.

ಹಾಗಾದರೆ ಉಳಿದ 0.8 ವೋಲ್ಟ್ ಎಲ್ಲಿ ಹೋಯಿತು? ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಜಾಯಿಂಟಿನ ಈ ಕಡೆ, ಇನ್ನೊಂದನ್ನು ಆ ಕಡೆ ಇಟ್ಟು ಒಂದೊಂದೇ ಜಾಯಿಂಟ್ ನೋಡುತ್ತಾ ಬಂದೆವು. ಸಿಂಕಿನ ಕೆಳಗೆ ಒಂದು ರಿಂಗ್ ಟರ್ಮಿನಲ್, ಅಂದರೆ ವೈರಿನ ತುದಿಗೆ ಒತ್ತಿದ ಉಂಗುರ, ಇತ್ತು. ಹೊರಗೆ ಚೆನ್ನಾಗೇ ಕಾಣುತ್ತಿತ್ತು. ಇನ್ಸುಲೇಷನ್ ಸೀಳಿದರೆ ಒಳಗಿನ ತಾಮ್ರವೆಲ್ಲ ಕಪ್ಪಗಾಗಿ ಹಸಿರು ಪುಡಿ ಉದುರಿತು. ಮುಕ್ಕಾಲು ವೋಲ್ಟ್ ಅಲ್ಲೇ ಹೋಗುತ್ತಿತ್ತು. 18 ಆಂಪಿಗೆ ಅದು ಹದಿಮೂರು ಹದಿನಾಲ್ಕು ವಾಟ್ ಶಾಖ, ಒಂದು ಬೆರಳ ತುದಿಯಷ್ಟು ಜಾಗದಲ್ಲಿ. ಮುಟ್ಟಿದರೆ ಬಿಸಿ ತಗಲುತ್ತಿತ್ತು. ಮೋಟಾರ್ ಸೋತದ್ದಕ್ಕೆ ಎರಡನೇ ಕಾರಣ ಇದು.

ಹೊಸ ವೈರ್ 6 ಗೇಜ್ ಹಾಕಿದೆವು. ಇಳಿಕೆ 0.28 ವೋಲ್ಟ್, ಅಂದರೆ ಶೇಕಡಾ 2.3. 8 ಗೇಜ್ ಹಾಕಿದ್ದರೆ ಶೇಕಡಾ 3.7. ಶೇಕಡಾ 3ರ ಒಳಗಿರಲಿ ಅನ್ನುವುದು ನಾನು ಪಾಲಿಸುವ ಅಳತೆ. ಬೋಟಿಗೆ ತವರ ಲೇಪಿಸಿದ ತಾಮ್ರದ ವೈರೇ ಬೇಕು. ಟರ್ಮಿನಲ್ ಸರಿಯಾದ ಇಕ್ಕಳದಿಂದ ಒತ್ತಿ, ಮೇಲೆ ಒಳಗಡೆ ಅಂಟು ಸವರಿದ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ. ಫ್ಯೂಸ್ ಗಾತ್ರ ಮ್ಯಾನುಯಲ್ ಹೇಳಿದಷ್ಟೇ ಇರಲಿ. ಫ್ಯೂಸ್ ಹೋಗುತ್ತಿದೆ ಅಂತ ದೊಡ್ಡದು ಹಾಕಿದರೆ ಬೆಂಕಿಗೆ ದಾರಿ ಮಾಡಿಕೊಟ್ಟಂತೆ.

ಸೈಫನ್: ದೋಣಿ ಮುಳುಗಿಸುವ ತಪ್ಪು

ಸ್ಕೂಟರ್ ಟ್ಯಾಂಕಿನಿಂದ ಪೈಪ್ ಹಾಕಿ ಪೆಟ್ರೋಲ್ ಎಳೆದದ್ದು ನೆನಪಿದೆಯಾ? ಒಮ್ಮೆ ಎಳೆದರೆ ಸಾಕು, ಆಮೇಲೆ ತಾನಾಗಿಯೇ ಹರಿಯುತ್ತದೆ. ಸೈಫನ್ ಅಂದರೆ ಇದೇ. ಬೋಟಿನ ಕಮೋಡ್ ಬಹಳ ಸಲ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಪಂಪ್ ಒಮ್ಮೆ ನೀರು ಎಳೆದ ಮೇಲೆ ಸಮುದ್ರವೇ ಹರಿಯತೊಡಗುತ್ತದೆ. ಇಂಪೆಲ್ಲರ್ ಹೊಸದಿದ್ದಾಗ ತಡೆಯುತ್ತದೆ, ಸವೆದ ಮೇಲೆ ಜಿನುಗುತ್ತದೆ. ನಿಮಿಷಕ್ಕೆ ಒಂದೇ ಲೀಟರ್ ಅಂದುಕೊಳ್ಳಿ. ಎಂಟು ಗಂಟೆ ನಿದ್ದೆ ಮಾಡಿ ಎದ್ದರೆ 480 ಲೀಟರ್ ಒಳಗೆ.

ಪೆಟ್ರೋಲ್ ಪೈಪಿನ ಮೇಲ್ಭಾಗದಲ್ಲಿ ಒಂದು ತೂತು ಮಾಡಿದರೆ ಗಾಳಿ ಸೇರಿ ಹರಿವು ನಿಲ್ಲುತ್ತದೆ ಅಲ್ವಾ? ವೆಂಟೆಡ್ ಲೂಪ್ ಅಂದರೆ ಅಷ್ಟೇ. ಹೋಸನ್ನು ತಲೆಕೆಳಗಾದ U ತರಹ ಮೇಲೇರಿಸಿ, ಅದರ ಅತಿ ಎತ್ತರದ ಜಾಗದಲ್ಲಿ ಗಾಳಿ ಒಳಬಿಡುವ ಸಣ್ಣ ವಾಲ್ವ್ ಇಡುವುದು. ಬೋಟ್ ಎಷ್ಟೇ ವಾಲಿದರೂ ಅದು ನೀರಿನ ಮಟ್ಟಕ್ಕಿಂತ ಮೇಲೇ ಇರಬೇಕು. ಒಂದು ಗೇಣಾದರೂ ಮೇಲಿರಲಿ.

ಒಳಬರುವ ನೀರಿನ ಲೂಪ್ ಎಲ್ಲಿಡಬೇಕು ಅನ್ನುವುದನ್ನು ಗಮನಿಸಿ. ಸೀಕಾಕ್ (ಸಮುದ್ರದ ನೀರು ಬೋಟಿನೊಳಗೆ ಬರುವ ತೂತಿನ ವಾಲ್ವ್) ಮತ್ತು ಪಂಪಿನ ನಡುವೆ ಇಟ್ಟರೆ ಪಂಪ್ ನೀರಿನ ಬದಲು ಗಾಳಿ ಎಳೆಯುತ್ತದೆ. ಕಮೋಡಿಗೆ ನೀರೇ ಬರುವುದಿಲ್ಲ. ಪಂಪ್ ದಾಟಿದ ಮೇಲೆ, ಪಂಪ್ ಮತ್ತು ಬೋಗುಣಿಯ ನಡುವೆ ಇಡಬೇಕು. ಹೊಸ ಹೆಡ್‌ನಲ್ಲಿ ಅಲ್ಲಿ ಗಿಡ್ಡ ಹೋಸ್ ಹಾಕಿಯೇ ಕಳಿಸಿರುತ್ತಾರೆ. ಅದನ್ನು ತೆಗೆದು ಲೂಪಿಗೆ ಜೋಡಿಸಬೇಕು. ಹಳೇ ಹೆಡ್‌ನಲ್ಲಿ ಆ ಗಿಡ್ಡ ಹೋಸ್ ಹಾಗೇ ಇತ್ತು. ಲೂಪ್ ಇರಲೇ ಇಲ್ಲ. ಎರಡು ವರ್ಷ ಅವರು ಪ್ರತಿ ಸಲ ಸೀಕಾಕ್ ಮುಚ್ಚುತ್ತಿದ್ದರು, ಅದರಿಂದಲೇ ದೋಣಿ ಉಳಿದಿದೆ. ಲೂಪಿನ ಸಣ್ಣ ವಾಲ್ವ್ ಉಪ್ಪಿನಿಂದ ಕಟ್ಟಿಕೊಳ್ಳುತ್ತದೆ. ವರ್ಷಕ್ಕೆ ಎರಡು ಸಲ ಬಿಚ್ಚಿ ತೊಳೆಯಿರಿ.

ಕೂರಿಸುವಾಗ

ಕೈ ಹಾಕುವ ಮೊದಲು ಸೀಕಾಕ್ ಮುಚ್ಚಿ, ಅದು ನಿಜವಾಗಿ ಮುಚ್ಚಿದೆಯೇ ನೋಡಿ. ನೀರು ನುಗ್ಗಿದರೆ ತೂತಿಗೆ ತುರುಕಲು ಮೆತ್ತನೆ ಮರದ ಬೆಣೆಯೊಂದು ಪಕ್ಕದಲ್ಲೇ ಇರಲಿ. 19 ಮಿಲಿಮೀಟರ್ ಹೋಸ್ ನೀರಿನ ಮಟ್ಟದಿಂದ 60 ಸೆಂಟಿಮೀಟರ್ ಕೆಳಗೆ ಕಳಚಿದರೆ ನಿಮಿಷಕ್ಕೆ ಸುಮಾರು 35 ಲೀಟರ್ ನುಗ್ಗುತ್ತದೆ. ಸೀಕಾಕ್ ತಿರುಗದಿದ್ದರೆ ಕೆಲಸ ನಿಲ್ಲಿಸಿ, ಬೋಟನ್ನು ದಡಕ್ಕೆ ಎತ್ತಿಸಿ.

ಹೊಸ ಕಮೋಡಿನ ತಳದ ಅಚ್ಚನ್ನು ಕಾಗದದಲ್ಲಿ ಕತ್ತರಿಸಿ ನೆಲದ ಮೇಲಿಟ್ಟು ನೋಡಿ. ಮುಚ್ಚಳ ಪೂರ್ತಿ ತೆರೆದು ನಿಲ್ಲುತ್ತದೆಯೇ, ಮೋಟಾರ್ ಬಿಚ್ಚಲು ಕೈ ಹೋಗುತ್ತದೆಯೇ ನೋಡಿ. ಹಳೇ ತೂತುಗಳನ್ನು ಎಪಾಕ್ಸಿ ತುಂಬಿ ಮುಚ್ಚಿ, ಹೊಸದಾಗಿ ಕೊರೆಯಿರಿ. ಇಲ್ಲದಿದ್ದರೆ ನೀರು ಇಳಿದು ಒಳಗಿನ ಮರ ಕೊಳೆಯುತ್ತದೆ. ಬರೀ ಸ್ಕ್ರೂ ಸಾಲದು, ಅಗಲ ವಾಷರಿನ ಜೊತೆ ಆರಪಾರ ಬೋಲ್ಟ್ ಹಾಕಿ.

ಹೋಸ್ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗಾಗಿಸಿ, ಪಾತ್ರೆ ಸೋಪು ಸವರಿದರೆ ಸಲೀಸಾಗಿ ಏರುತ್ತದೆ. ಗ್ರೀಸ್ ಬೇಡ. ಪ್ರತಿ ತುದಿಗೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಎರಡು ಕ್ಲಾಂಪ್. ಹಳೇ ಹೋಸ್ ವಾಸನೆ ಬಿಡುತ್ತಿದೆಯೇ ಅಂತ ಅನುಮಾನವಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅದರ ಸುತ್ತ ಸುತ್ತಿ, ಆರಿದ ಮೇಲೆ ಬಟ್ಟೆಯನ್ನು ಮೂಸಿ ನೋಡಿ. ಬಟ್ಟೆಗೆ ವಾಸನೆ ಹತ್ತಿದ್ದರೆ ಹೋಸ್ ಬದಲಾಯಿಸಲೇಬೇಕು.

ಪರೀಕ್ಷೆ

ಮೊದಲ ದಿನ ಬರೀ ನೀರು. ಪ್ರತಿ ಜಾಯಿಂಟಿನ ಕೆಳಗೂ ಟಿಶ್ಯೂ ಕಾಗದ ಇಟ್ಟು ಹತ್ತು ಸಲ ಫ್ಲಶ್ ಮಾಡಿದೆವು. ಎರಡು ಕಡೆ ಕಾಗದ ಒದ್ದೆಯಾಯಿತು, ಕ್ಲಾಂಪ್ ಬಿಗಿ ಮಾಡಿದೆವು. ಮೋಟಾರ್ ಓಡುತ್ತಿರುವಾಗ ಅದರ ತುದಿಯಲ್ಲಿ 12.1 ವೋಲ್ಟ್ ಬಂತು.

ಆಮೇಲೆ ಸೀಕಾಕ್ ತೆರೆದೇ ಇಟ್ಟು, ಬೋಗುಣಿಯ ನೀರಿನ ಮಟ್ಟಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ರಾತ್ರಿ ಇಬ್ಬರೂ ಸರದಿಯಲ್ಲಿ ಎದ್ದು ನೋಡುತ್ತಾ ದೋಣಿಯಲ್ಲೇ ಮಲಗಿದೆವು. ಬೆಳಿಗ್ಗೆ ನೀರು ಗೆರೆಯಲ್ಲೇ ಇತ್ತು. ಹೋಸ್ ಹಾಕಿದ ತಾರೀಕು, ವೈರಿನ ಗೇಜು, ಮೋಟಾರಿನಲ್ಲಿ ಅಳೆದ ವೋಲ್ಟು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಸಿಂಕಿನ ಬಾಗಿಲ ಒಳಗೆ ಅಂಟಿಸಿದೆವು.